ಮದುವೆ ಮನೆಯಲ್ಲಿ ಕ್ಯಾಮೆರಾ ಎಲ್ಲಿಡಬೇಕು?

ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ ಸುತ್ತಮುತ್ತ ಮದುವೆ ಫೋಟೊ ತೆಗೆಯುವುದು ನನ್ನ ಕಸುಬು. ಎರಡು ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಇವೆ. ಒಂದರಲ್ಲಿ ಹತ್ತಿರದ ಚಿತ್ರಕ್ಕೆ 24-70 ಮಿ.ಮೀ. ಲೆನ್ಸ್, ಇನ್ನೊಂದರಲ್ಲಿ ದೂರದ್ದಕ್ಕೆ 70-200. ಎಲ್ಲವೂ ಸಾಲ ಮಾಡಿ ಕೊಂಡವು. ಒಂದು ಬಿದ್ದರೆ ಆ ಸೀಸನ್ನಿನ ದುಡಿಮೆ ರಿಪೇರಿಗೇ ಹೋಗುತ್ತದೆ. ಅದಕ್ಕಿಂತ ದೊಡ್ಡ ಭಯ ಬೇರೆ ಇದೆ: ಧಾರೆಯ ಹೊತ್ತಿಗೆ ಕ್ಯಾಮೆರಾ ಕೈಕೊಟ್ಟರೆ ಆ ಮನೆಯವರಿಗೆ ಏನು ಹೇಳಲಿ? ಮುಹೂರ್ತವನ್ನು ಇನ್ನೊಮ್ಮೆ ಮಾಡಿಸಲು ಆಗುವುದಿಲ್ಲವಲ್ಲ.

ಫೋಟೊ ತೆಗೆಯುತ್ತಿರುವಾಗ ಕ್ಯಾಮೆರಾ ಬೀಳುವುದು ಅಪರೂಪ. ಆಗ ಎರಡೂ ಕೈ, ಪೂರಾ ಗಮನ ಅದರ ಮೇಲಿರುತ್ತದೆ. ಬೀಳುವುದು "ಒಂದ್ನಿಮಿಷ ಇಲ್ಲಿಟ್ಟಿರ್ತೀನಿ" ಅಂದಾಗ. ಊಟದ ಟೇಬಲ್ಲಿನ ತುದಿ, ಪ್ಲಾಸ್ಟಿಕ್ ಕುರ್ಚಿ, ಮಂಟಪದ ಮೆಟ್ಟಿಲು, ಸೌಂಡ್ ಬಾಕ್ಸಿನ ತಲೆ. ಒಂದು ಛತ್ರದಲ್ಲಿ ವಿಡಿಯೊದವರ ಕ್ಯಾಮೆರಾ ಟೇಬಲ್ಲಿನ ನಡುಮಧ್ಯದಲ್ಲೇ ಇತ್ತು. ಸ್ಟ್ರಾಪ್ ಮಾತ್ರ ಕೆಳಗೆ ಜೋತಾಡುತ್ತಿತ್ತು. ಪುಟ್ಟ ಮಗುವೊಂದು ಆಟಕ್ಕೆಂದು ಅದನ್ನು ಹಿಡಿದು ಎಳೆಯಿತು. ಲೆನ್ಸಿನ ಮೌಂಟ್, ಅಂದರೆ ಲೆನ್ಸು ಬಾಡಿಗೆ ಕೂರುವ ಬಳೆ, ಬಾಗಿಹೋಯಿತು. ಮಗುವಿನ ಕಾಲ ಮೇಲೆ ಬೀಳಲಿಲ್ಲ ಅನ್ನುವುದೇ ಪುಣ್ಯ.

ಹಾಗಾಗಿ ನಮ್ಮ ತಂಡದಲ್ಲಿ ಕ್ಯಾಮೆರಾಕ್ಕೆ ಇರುವುದು ಮೂರೇ ಜಾಗ. ಮೈಮೇಲೆ, ಜಿಪ್ ಎಳೆದ ಬ್ಯಾಗಿನೊಳಗೆ, ಇಲ್ಲವೇ ಪಕ್ಕದಲ್ಲಿ ನಮ್ಮವರೊಬ್ಬರು ನಿಂತಿರುವ ಟ್ರೈಪಾಡಿನ ಮೇಲೆ. ಜಿಪ್ ಅರ್ಧ ತೆರೆದ ಬ್ಯಾಗನ್ನು ನಾನು ಟೇಬಲ್ಲಿಗಿಂತ ಅಪಾಯ ಅನ್ನುತ್ತೇನೆ. ಜಾಗ ಮಾಡಿಕೊಡಲೆಂದು ಯಾರೋ ನೆಂಟರು ಹಿಡಿಕೆ ಹಿಡಿದು ಎತ್ತಿದರೆ ಒಳಗಿರುವುದೆಲ್ಲ ನೆಲಕ್ಕೆ. ಅದಕ್ಕೇ ಒಂದು ಲೆನ್ಸ್ ತೆಗೆದರೂ ಸರಿ, ಇಟ್ಟರೂ ಸರಿ, ಕೈ ಮೊದಲು ಜಿಪ್ಪಿಗೆ ಹೋಗಬೇಕು. ಕೈಯಿಂದ ಕೈಗೆ ಕೊಡುವಾಗಲೂ ಒಂದು ಕಟ್ಟುನಿಟ್ಟು: ತೆಗೆದುಕೊಳ್ಳುವವನು "ಹಿಡಿದೆ" ಅಂತ ಬಾಯಿಬಿಟ್ಟು ಹೇಳುವವರೆಗೆ ಕೊಡುವವನು ಬಿಡುವ ಹಾಗಿಲ್ಲ. ವಾಲಗ ಜೋರಾಗಿದ್ದರೆ ಕಿರುಚಿಯಾದರೂ ಹೇಳಬೇಕು.

ಮೈಮೇಲೆ ಅಂದರೆ ಎರಡೂ ಭುಜಕ್ಕೆ ಭಾರ ಹಂಚುವ ಹಾರ್ನೆಸ್. ಇಂಥವುಗಳಲ್ಲಿ ಬಹಳಷ್ಟು ಕ್ಯಾಮೆರಾದ ತಳದ ಕಾಲಿಂಚಿನ ಟ್ರೈಪಾಡ್ ತೂತಿಗೆ ಸ್ಕ್ರೂ ಆಗುತ್ತವೆ. ನಡೆಯುವಾಗ ಕ್ಯಾಮೆರಾ ಸೊಂಟದ ಹತ್ತಿರ ತೂಗಾಡಿ ತಿರುಗುತ್ತಿರುತ್ತದೆ, ಸ್ಕ್ರೂ ಸ್ವಲ್ಪಸ್ವಲ್ಪವೇ ಸಡಿಲವಾಗುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಸ್ಕ್ರೂ ಕೆಳಗೆ ರಬ್ಬರ್ ವಾಷರ್ ಇರಲೇಬೇಕು. ಅದರ ಜೊತೆಗೆ, ಕ್ಯಾಮೆರಾದ ಬದಿಯ ಸ್ಟ್ರಾಪ್ ಕೊಂಡಿಯಿಂದ ಹಾರ್ನೆಸ್ಸಿಗೆ ಒಂದು ಗಿಡ್ಡ ಪಟ್ಟಿಯನ್ನು ಬೇರೆಯಾಗಿ ಕಟ್ಟುತ್ತೇನೆ. ಸ್ಕ್ರೂ ಪೂರಾ ಕಳಚಿದರೂ ಕ್ಯಾಮೆರಾ ಒಂದು ಗೇಣು ಜಾರಿ ಅಲ್ಲೇ ನಿಲ್ಲುತ್ತದೆ. ನೂರಿನ್ನೂರು ರೂಪಾಯಿಯ ಪಟ್ಟಿ ಅದು. ನನ್ನ ಬಳಿ ಇರುವ ಸಾಮಾನಿನಲ್ಲೆಲ್ಲ ಅತ್ಯಂತ ಬೆಲೆಬಾಳುವುದು ಯಾವುದು ಎಂದು ಕೇಳಿದರೆ ಅದನ್ನೇ ತೋರಿಸುತ್ತೇನೆ.

70-200 ಇದ್ದರೆ ಸ್ಟ್ರಾಪ್ ಲೆನ್ಸಿನ ಕಾಲರಿಗೆ (ಲೆನ್ಸನ್ನು ಸುತ್ತಿ ಹಿಡಿಯುವ ಪಟ್ಟಿಗೆ) ಹಾಕಬೇಕು, ಬಾಡಿಗಲ್ಲ. ಹಳೆಯ 70-200 ಎಫ್ 2.8 (ಹೆಚ್ಚು ಬೆಳಕು ಒಳಬಿಡುವ ಮಾದರಿ) ಲೆನ್ಸುಗಳು ಒಂದೊಂದೂ ಸುಮಾರು ಒಂದೂವರೆ ಕಿಲೋ ತೂಗುತ್ತವೆ. ಬಾಡಿ ಹಿಡಿದು ತೂಗುಹಾಕಿದರೆ ಅಷ್ಟೂ ಭಾರ ಮೌಂಟಿನ ನಾಲ್ಕಾರು ಸಣ್ಣ ಸ್ಕ್ರೂಗಳ ಮೇಲೆ ಬೀಳುತ್ತದೆ.

ಲೆನ್ಸಿನ ತುದಿಗೆ ಹಾಕುವ ಹುಡ್ ಯಾವಾಗಲೂ ಮುಂದಕ್ಕೆ, ಸರಿಯಾಗಿ ಸಿಕ್ಕಿಸಿರಬೇಕು. ಅಂತರಪಟ ಸರಿಯುವ ಗಳಿಗೆಯಲ್ಲಿ ಎಲ್ಲ ದಿಕ್ಕಿನಿಂದ ಜನ ನುಗ್ಗುತ್ತಾರೆ, ಮೊಣಕೈ ತಾಗುತ್ತದೆ, ಮೊಬೈಲ್ ಬಡಿಯುತ್ತದೆ. ಹುಡ್ಡಿನ ಪ್ಲಾಸ್ಟಿಕ್ ಸೀಳಿದರೂ ಗಾಜು ಉಳಿಯುತ್ತದೆ. ಲೆನ್ಸಿನ ಮುಂದೆ ರಕ್ಷಣೆಗೆಂದು ಹಾಕುವ ಯುವಿ ಫಿಲ್ಟರ್ ಗಾಜಿನ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಒಡೆದ ಫಿಲ್ಟರಿನ ಚೂರುಗಳೇ ಲೆನ್ಸಿನ ಗಾಜನ್ನು ಗೀಚಬಹುದು. ಲಾಜಹೋಮದ ಹತ್ತಿರ ಕೂತಾಗ ಮತ್ತು ರಿಸೆಪ್ಷನ್ನಿನಲ್ಲಿ ಕಿಡಿ ಚಿಮ್ಮುವ ಯಂತ್ರ ಇಟ್ಟಾಗ ಮಾತ್ರ ಹಾಕುತ್ತೇನೆ. ರಿಸೆಪ್ಷನ್ನಿನಲ್ಲಿ ಡಿಜೆಯವರ ಲೇಸರ್ ಇದೆಯೇ ಎಂದು ಮೊದಲೇ ಕೇಳಿಕೊಳ್ಳುತ್ತೇನೆ. ಆ ಕಿರಣ ನೇರ ಲೆನ್ಸಿಗೆ ಬಿದ್ದರೆ ಚಿತ್ರ ಹಿಡಿಯುವ ಸೆನ್ಸರ್ ಸುಡಬಹುದು. ಸುಟ್ಟ ಗೆರೆ ಆಮೇಲೆ ಪ್ರತಿ ಫೋಟೊದಲ್ಲೂ ಕಾಣುತ್ತದೆ.

ಅಕ್ಷತೆಯದು ಬೇರೆಯೇ ಕಥೆ. ಅಕ್ಕಿ ಕಾಳು ಹಾಟ್‌ಶೂವಿನ (ಫ್ಲ್ಯಾಷ್ ಸಿಕ್ಕಿಸುವ ಜಾಗದ) ಸಂದಿಗೆ, ಝೂಮ್ ರಿಂಗಿನ ಅಂಚಿಗೆ ಹೋಗಿ ಕೂರುತ್ತದೆ. ಅದು ಹೋಗಲಿ, ಅರಿಶಿನ ಕುಂಕುಮದ ಪುಡಿ ಗಾಜಿನ ಮೇಲೆ ಬಿದ್ದಾಗ ಒರೆಸುವ ಆಸೆ ಆಗುತ್ತದೆ. ಒರೆಸಬಾರದು. ಮೊದಲು ಲೆನ್ಸನ್ನು ಕೆಳಮುಖ ಮಾಡಿ ರಬ್ಬರ್ ಬ್ಲೋವರಿನಿಂದ ಊದಬೇಕು, ಆಮೇಲೆ ಬ್ರಷ್, ಕೊನೆಗೆ ಬಟ್ಟೆ. ಬಾಯಲ್ಲಿ ಊದಿದರೆ ಉಗುಳಿನ ಹನಿ ಕೂರುತ್ತದೆ, ನಮ್ಮ ಮಲೆನಾಡಿನ ತೇವಕ್ಕೆ ಫಂಗಸ್ಸಿಗೆ ಅಷ್ಟೇ ಸಾಕು. ಅಕ್ಷತೆ ಬೀಳುವ ಹೊತ್ತಿನಲ್ಲಿ ಲೆನ್ಸ್ ಬದಲಿಸುವುದಂತೂ ಕೂಡದು. ಎರಡು ಬಾಡಿ ಹೊರುವುದೇ ಅದಕ್ಕೆ.

ಟ್ರೈಪಾಡಿನ ಒಂದು ಕಾಲು ಲೆನ್ಸಿನ ನೇರ ಕೆಳಗೆ, ಮುಂದಕ್ಕೆ ಇರಲಿ. ಭಾರ ಮುಗ್ಗರಿಸುವುದು ಆ ಕಡೆಗೇ. ನಡುವಿನ ಕಂಬ ಎತ್ತಬಾರದು. ಕ್ಯಾಮೆರಾವನ್ನು ಟ್ರೈಪಾಡಿಗೆ ಸಿಕ್ಕಿಸುವ ಪ್ಲೇಟಿನ ಎರಡೂ ತುದಿಯಲ್ಲಿ ಪುಟ್ಟ ತಡೆ ಸ್ಕ್ರೂಗಳನ್ನು ಕೊಟ್ಟಿರುತ್ತಾರೆ. ಹಲವರು ಅಡ್ಡಿ ಎಂದು ತೆಗೆದುಬಿಡುತ್ತಾರೆ. ಕ್ಲಾಂಪ್ ಸಡಿಲಾದಾಗ ಕ್ಯಾಮೆರಾ ಜಾರಿ ಹೊರಗೆ ಬರದಂತೆ ತಡೆಯುವುದು ಅವೇ, ದಯವಿಟ್ಟು ತೆಗೆಯಬೇಡಿ.

ಕಾರಿನಲ್ಲಿ ಬ್ಯಾಗನ್ನು ಸೀಟಿನ ಮೇಲಲ್ಲ, ಮುಂದಿನ ಸೀಟಿನ ಹಿಂದೆ ನೆಲದ ಮೇಲೆ ಇಡುತ್ತೇನೆ. ಘಾಟಿಯ ತಿರುವಿನಲ್ಲಿ ಬ್ರೇಕ್ ಹಾಕಿದರೆ ಉರುಳಲು ಅಲ್ಲಿ ಜಾಗವಿಲ್ಲ. ಸ್ಕೂಟರಿನಲ್ಲಾದರೆ ಬೆನ್ನಿಗೆ. ಕಾಲಿಡುವ ಜಾಗದ ನಡುಕಕ್ಕೆ ಲೆನ್ಸಿನ ಸ್ಕ್ರೂಗಳು ಸಡಿಲಾಗುತ್ತವೆ.

ಆಷಾಢದಲ್ಲಿ ಮದುವೆ ಇಲ್ಲ. ಆಗ ಎಲ್ಲವನ್ನೂ ಹಾಸಿನ ಮೇಲೆ ಹರವಿಕೊಂಡು ಕೂರುತ್ತೇನೆ. ಸ್ಟ್ರಾಪಿನ ಹೊಲಿಗೆಯನ್ನು ಬೆರಳಲ್ಲಿ ಎಳೆದು ನೋಡುತ್ತೇನೆ. ಪೀಕ್ ಡಿಸೈನ್ ಕಂಪನಿಯ ಆಂಕರಿನ (ಸ್ಟ್ರಾಪನ್ನು ಕ್ಯಾಮೆರಾಕ್ಕೆ ಜೋಡಿಸುವ ಕೊಂಡಿಯ) ದಾರ ಸವೆದರೆ ಒಳಗಿನ ಬೇರೆ ಬಣ್ಣ ಇಣುಕುತ್ತದೆ. ಕಂಡ ದಿನವೇ ಅದನ್ನು ಬದಲಿಸಬೇಕು. ಮೌಂಟಿನ ಸ್ಕ್ರೂ ಬಿಗಿ ಮಾಡಲು ಮನೆಯ ಸ್ಟಾರ್ ಸ್ಕ್ರೂಡ್ರೈವರ್ ಬಳಸುವುದಿಲ್ಲ. ಜಪಾನಿನ ಕ್ಯಾಮೆರಾಗಳ ಸ್ಕ್ರೂ ತಲೆ ಜೆಐಎಸ್, ಅಂದರೆ ಜಪಾನಿನದೇ ಕೈಗಾರಿಕಾ ಮಾನದಂಡದ ಅಳತೆಯದು, ಸಾಮಾನ್ಯ ಡ್ರೈವರ್ ಅದರ ಕಚ್ಚನ್ನು ಕೊರೆದುಬಿಡುತ್ತದೆ. ಕ್ಯಾಮೆರಾ ಇಡುವ ಒಣ ಪೆಟ್ಟಿಗೆಯ ತೇವಾಂಶ ಶೇಕಡಾ 40ರಿಂದ 50ರೊಳಗೆ ಇದೆಯೇ ಎಂದೂ ಆಗಲೇ ನೋಡುವುದು.

ಇಷ್ಟಾದರೂ ಬೀಳುವುದು ಬೀಳುತ್ತದೆ. ಬಿದ್ದ ಲೆನ್ಸು ಹೊರಗೆ ಚೆನ್ನಾಗಿಯೇ ಕಂಡರೂ ನಂಬಬೇಡಿ. ಗೋಡೆಗೆ ಒಂದು ದಿನಪತ್ರಿಕೆಯ ಹಾಳೆಯನ್ನು ಅಂಟಿಸಿ, ಅದು ಚೌಕಟ್ಟಿನ ತುಂಬ ಬರುವಂತೆ ಕ್ಯಾಮೆರಾ ನೇರ ನಿಲ್ಲಿಸಿ, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ದ್ವಾರ) ಪೂರಾ ತೆರೆದು ಫೋಟೊ ತೆಗೆಯಿರಿ. ಒಂದು ಬದಿಯ ಅಕ್ಷರ ಸ್ಪಷ್ಟವಾಗಿದ್ದು ಇನ್ನೊಂದು ಬದಿ ಮಬ್ಬಾಗಿದ್ದರೆ ಒಳಗಿನ ಗಾಜು ಓರೆಯಾಗಿದೆ, ಇಲ್ಲವೇ ಮೌಂಟ್ ಬಾಗಿದೆ. ನೀರು ಬಿದ್ದಿದ್ದರೆ ಆನ್ ಮಾಡಿ ನೋಡಬೇಡಿ, ಮೊದಲು ಬ್ಯಾಟರಿ ತೆಗೆಯಿರಿ.

ಇನ್ಶೂರೆನ್ಸ್ ಮಾಡಿಸುವಾಗ "ವೃತ್ತಿಗೆ ಬಳಸುತ್ತೇನೆ" ಎಂದು ಬರವಣಿಗೆಯಲ್ಲೇ ಹೇಳಿ, ಅಕಸ್ಮಾತ್ ಬಿದ್ದ ಹಾನಿಗೂ ಹಣ ಕೊಡುತ್ತಾರೆಯೇ ಎಂದು ಪಾಲಿಸಿ ಓದಿ ನೋಡಿಕೊಳ್ಳಿ. ಬಿಲ್ಲು, ಸೀರಿಯಲ್ ನಂಬರಿನ ಫೋಟೊ ಮೊಬೈಲಿನಲ್ಲೂ ಇರಲಿ. ಬಿದ್ದ ಮೇಲೆ ಬಿದ್ದ ಸ್ಥಿತಿಯಲ್ಲೇ ಫೋಟೊ ತೆಗೆದು ಮೊದಲು ಕಂಪನಿಗೆ ತಿಳಿಸಿ. ಅವರ ಕಡೆಯವರು ನೋಡುವ ಮುಂಚೆ ಪರಿಚಯದ ರಿಪೇರಿಯವನ ಕೈಗೂ ಬಿಚ್ಚಲು ಕೊಡಬೇಡಿ.