ಕಾರ್ಲೆ ಹತ್ತುವ ಮುನ್ನ ಮುಂಬೈಯಲ್ಲಿ ಒಂದು ದಿನ

ಲೋಣಾವಳದ ಹತ್ತಿರದ ಕಾರ್ಲೆ, ಭಾಜೆ, ಬೇಡ್ಸೆ ಲೇಣಿಗಳಿಗೆ, ಅಂದರೆ ಬಂಡೆ ಕೊರೆದ ಬೌದ್ಧ ಗುಹೆಗಳಿಗೆ, ಚಾರಣ ಹೊರಟವರು ಒಂದು ದಿನ ಮೊದಲೇ ಮುಂಬೈಗೆ ಬಂದು ಅಂಥದ್ದೇ ಕಾನ್ಹೇರಿ ನೋಡಿಕೊಳ್ಳಿ. ನೂರಕ್ಕೂ ಹೆಚ್ಚು ಗುಹೆಗಳು ಒಂದೇ ಗುಡ್ಡದಲ್ಲಿವೆ. ಭಿಕ್ಷುಗಳು ಎಲ್ಲಿ ಮಲಗುತ್ತಿದ್ದರು, ಎಲ್ಲಿ ಸೇರುತ್ತಿದ್ದರು, ನೀರಿಗೆ ಏನು ಮಾಡುತ್ತಿದ್ದರು ಅನ್ನುವುದು ನಡೆಯುತ್ತಾ ಹೋದಂತೆ ತಾನಾಗಿ ತಿಳಿಯುತ್ತದೆ.

ಉಳಿಯಲು ಮಾಟುಂಗಾ ಅಥವಾ ದಾದರ್ ಅನುಕೂಲ. ಮಾಟುಂಗಾದ ಉಡುಪಿ ಹೋಟೆಲುಗಳಲ್ಲಿ ಕನ್ನಡ ನಡೆಯುತ್ತದೆ, ದಾದರಿನಲ್ಲಿ ವೆಸ್ಟರ್ನ್, ಸೆಂಟ್ರಲ್ ಎರಡೂ ಲೈನ್ ಸಿಗುತ್ತವೆ. ಸೋಮವಾರ ಹೋಗಬೇಡಿ, ಕಾನ್ಹೇರಿ ಇರುವ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನಕ್ಕೆ ಅಂದು ರಜೆ. ಭಾನುವಾರವೂ ಬೇಡ. ಹಳಿ ದುರಸ್ತಿಯ ಮೆಗಾಬ್ಲಾಕ್ ಇದ್ದರೆ ಲೋಕಲ್ ರೈಲುಗಳು ಕಮ್ಮಿ, ಗುಡ್ಡದ ಮೇಲೆ ಜನಜಾತ್ರೆ.

ಬೆಳಗ್ಗೆ ದಾದರಿನಿಂದ ಬೊರಿವಲಿ ಫಾಸ್ಟ್ ಹಿಡಿಯಿರಿ. ಆ ಹೊತ್ತಿಗೆ ನೂಕುನುಗ್ಗಲೆಲ್ಲ ಚರ್ಚ್‌ಗೇಟ್ ಕಡೆಗೆ. ಸ್ಟೇಷನ್ನಿನಿಂದ ಪೂರ್ವಕ್ಕೆ ಹೊರಬನ್ನಿ. ಉದ್ಯಾನದ ಗೇಟಿನಲ್ಲಿ ಒಂದು ಟಿಕೆಟ್, ಆರೇಳು ಕಿಲೋಮೀಟರ್ ಒಳಗೆ ಗುಹೆಗಳ ಬುಡದಲ್ಲಿ ಪುರಾತತ್ವ ಇಲಾಖೆಯದು ಇನ್ನೊಂದು. ಉದ್ಯಾನದ ಬಸ್ಸಿನಿಂದ ಇಳಿಯುವಾಗಲೇ ಕೊನೆಯ ಬಸ್ಸು ಎಷ್ಟು ಗಂಟೆಗೆಂದು ಕೇಳಿಕೊಳ್ಳಿ. ತಲಾ 2 ಲೀಟರ್ ನೀರು, ಒಂದು ಟಾರ್ಚ್ ಇರಲಿ. ತಿಂಡಿಯನ್ನು ಜಿಪ್ ಇರುವ ಚೀಲದೊಳಗೇ ಇಡಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಮಂಗಗಳು ಬಿಡುವುದಿಲ್ಲ. ಮಳೆಗಾಲದಲ್ಲಿ ಮೆಟ್ಟಿಲುಗಳು ಪಾಚಿಗಟ್ಟುತ್ತವೆ, ಸವೆದ ಅಟ್ಟೆಯ ಶೂ ಆಗದು.

ಮೊದಲು 3ನೇ ಗುಹೆಯ ಚೈತ್ಯ, ಅಂದರೆ ಸ್ತೂಪವಿರುವ ಪ್ರಾರ್ಥನಾ ಮಂದಿರ. ವರಾಂಡದ ಎರಡೂ ಬದಿಗೆ ನಿಂತ ಭಾರಿ ಬುದ್ಧರನ್ನು ನೋಡಿ ಒಳಗೆ ಹೋದರೆ 34 ಕಂಬಗಳು. ಒಂದೊಂದಾಗಿ ನೋಡುತ್ತಾ ಬನ್ನಿ: ಕೆಲವಕ್ಕೆ ಮಾತ್ರ ಬುಡದಲ್ಲಿ ಕುಂಭ, ನೆತ್ತಿಯಲ್ಲಿ ಆನೆಗಳು; ಉಳಿದವು ಬರೀ ಎಂಟು ಮೂಲೆಯ ಬೋಳು ಕಂಬಗಳು. ಕಾರ್ಲೆಯ ಮಾದರಿಯಲ್ಲಿ ಶುರುವಾದ ಕೆತ್ತನೆ ಅರ್ಧಕ್ಕೇ ನಿಂತಿರುವುದು ಹೀಗೆ ಗೊತ್ತಾಗುತ್ತದೆ.

ಆಮೇಲೆ ಸಣ್ಣ ವಿಹಾರಗಳು, ಭಿಕ್ಷುಗಳು ವಾಸವಿದ್ದ ಗುಹೆಗಳು. ಬಾಗಿಲ ಪಕ್ಕದಲ್ಲಿ ಬಂಡೆ ಕೊರೆದ ತೊಟ್ಟಿ ಹುಡುಕಿ, ಅದರತ್ತ ಇಳಿಯುವ ಬೆರಳಗಲದ ಕಾಲುವೆಯನ್ನೂ ಹುಡುಕಿ. ಗುಡ್ಡದ ಮಳೆನೀರನ್ನು ತಿರುಗಿಸಿ ತುಂಬಿಕೊಳ್ಳುತ್ತಿದ್ದ ಬಗೆ ಅದು. ಶಾಸನಗಳಲ್ಲಿ ತೊಟ್ಟಿಗೆ ‘ಪೋಢಿ’, ಗುಹೆಗೆ ‘ಲೇಣ’ ಅನ್ನುತ್ತಾರೆ. ಮರಾಠಿಯ ‘ಲೇಣಿ’ ಇಂದಿಗೂ ಅದೇ ಮಾತು, ದಾರಿ ಕೇಳಲೂ ಅದನ್ನೇ ಬಳಸಿ.

ಹೆಚ್ಚಿನವರು 11ನೇ ಗುಹೆ, ಅಂದರೆ ದರ್ಬಾರ್ ಹಾಲ್ ನೋಡಿ ಸುಸ್ತಾಗಿ ಇಳಿದುಬಿಡುತ್ತಾರೆ. 41ನೇ ಗುಹೆಯಲ್ಲಿ ಕರುಣೆಯ ಬೋಧಿಸತ್ವ ಅವಲೋಕಿತೇಶ್ವರ ಹನ್ನೊಂದು ತಲೆಯೊಂದಿಗೆ ಇದ್ದಾನೆ, ಅವನನ್ನು ಬಿಟ್ಟು ಬರಬೇಡಿ. 9ನೇ ಶತಮಾನದಲ್ಲಿ ಮಾನ್ಯಖೇಟದ ಅಮೋಘವರ್ಷ ನೃಪತುಂಗ ಆಳುತ್ತಿದ್ದಾಗಿನ ಶಾಸನಗಳೂ ಈ ಗುಡ್ಡದಲ್ಲಿವೆ. ಅಕ್ಷರ ಓದಲು ಟಾರ್ಚನ್ನು ನೇರ ಹಿಡಿದರೆ ಗೋಡೆ ಬೆಳ್ಳಗಾಗಿ ಏನೂ ಕಾಣುವುದಿಲ್ಲ. ಗೋಡೆಗೆ ಒತ್ತಿ ಪಕ್ಕದಿಂದ ಬೆಳಕು ಬಿಡಿ, ಗೀರಿನಲ್ಲಿ ನೆರಳು ಬಿದ್ದು ಅಕ್ಷರ ಎದ್ದು ಬರುತ್ತದೆ. ಬೆರಳು ತಾಗಿಸಬೇಡಿ, ಸೀಮೆಸುಣ್ಣವಂತೂ ಬೇಡವೇ ಬೇಡ.

ಸಂಜೆ ದಾದರ್ ಪಶ್ಚಿಮದ ಕಡಲ ದಂಡೆಯ ಚೈತ್ಯಭೂಮಿಗೆ ಹೋಗಿ. 1956ರ ಡಿಸೆಂಬರ್ 7ರಂದು ಅಂಬೇಡ್ಕರರ ಅಂತ್ಯಸಂಸ್ಕಾರ ನಡೆದ ಜಾಗ. ಡಿಸೆಂಬರ್ 6ರ ಆಸುಪಾಸು ಲಕ್ಷಾಂತರ ಜನ ನಮಿಸಲು ಬರುತ್ತಾರೆ, ಸುಮ್ಮನೆ ನೋಡಲು ಹೋಗುವವರು ಆ ದಿನಗಳನ್ನು ಅವರಿಗೆ ಬಿಟ್ಟುಕೊಡಿ.

ಮರುದಿನ ಲೋಣಾವಳದಲ್ಲಿ ಪುಣೆ ಲೋಕಲ್ ಹತ್ತಿ ಮಳವಲಿಯಲ್ಲಿಳಿದರೆ ಒಂದು ಕಡೆ ಭಾಜೆ, ಇನ್ನೊಂದು ಕಡೆ ಕಾರ್ಲೆ. ಕಾರ್ಲೆಯ ಚೈತ್ಯದಲ್ಲಿ ಚಾವಣಿಯ ಮರದ ಕಮಾನುಗಳು ಇನ್ನೂ ಇವೆ. ವರಾಂಡದಲ್ಲಿ ಅದೇ ಟಾರ್ಚ್ ಅಡ್ಡ ಹಿಡಿದು, ಈ ಶಿಲಾಭವನವನ್ನು ಪೂರ್ತಿಗೊಳಿಸಿದ ಭೂತಪಾಲ ಸೆಟ್ಟಿಯ ಬ್ರಾಹ್ಮಿ ಶಾಸನ ಹುಡುಕಿ. ಅವನ ಊರು ‘ವೇಜಯಂತಿ’ ಅಂತಿದೆ, ಅಂದರೆ ನಮ್ಮ ಬನವಾಸಿ.