ಜೆರಾಕ್ಸ್ ಅಂಗಡಿ ಕಂಪ್ಯೂಟರಿನಲ್ಲಿ ಗಿರಾಕಿಗಳ ಫೈಲ್ ಹೆಸರು ಉಳಿಯದಂತೆ: ನನ್ನ ಅನುಭವ

ಜೆರಾಕ್ಸ್, ಪ್ರಿಂಟ್, ಆನ್‌ಲೈನ್ ಅರ್ಜಿ ಮಾಡುವ ಅಂಗಡಿಯಲ್ಲಿ ಮಾನಿಟರ್ ಗಿರಾಕಿಗೂ ಕಾಣುವಂತಿರಬೇಕು. ಹೆಸರಿನಲ್ಲಿ ತಪ್ಪಿದ್ದರೆ ಅವರೇ ನೋಡಿ ಹೇಳಬೇಕಲ್ಲ. ತೊಂದರೆಯೂ ಅಲ್ಲೇ. ವಿಂಡೋಸ್ ಕೀ ಜೊತೆ ಇ ಒತ್ತಿದರೆ ಫೈಲ್ ಎಕ್ಸ್‌ಪ್ಲೋರರ್ ತೆರೆದು, ಬೆಳಗ್ಗಿನಿಂದ ತೆರೆದ ಫೈಲುಗಳೆಲ್ಲ ಸಾಲಾಗಿ ಬರುತ್ತವೆ: ಯಾರದೋ ಆಧಾರ್, ಯಾರದೋ ಪಹಣಿ, ಇನ್ಯಾರದೋ ರಕ್ತಪರೀಕ್ಷೆಯ ರಿಪೋರ್ಟ್. ಬರೀ ಹೆಸರು ತಾನೆ ಎನ್ನುವಂತಿಲ್ಲ. ಇ-ಆಧಾರ್ ಪಿಡಿಎಫ್‌ನ ಪಾಸ್‌ವರ್ಡ್ ಎಂದರೆ ಹೆಸರಿನ ಮೊದಲ 4 ಇಂಗ್ಲಿಷ್ ದೊಡ್ಡಕ್ಷರ, ಅದರ ನಂತರ ಹುಟ್ಟಿದ ಇಸವಿ. ಫೈಲಿಗೆ ಹೆಸರು, ಇಸವಿ ಎರಡನ್ನೂ ಸೇರಿಸಿ ಹೆಸರಿಡುವವರು ಕಡಿಮೆಯೇನಿಲ್ಲ.

ವಿಂಡೋಸ್ 11ರ ಫೈಲ್ ಎಕ್ಸ್‌ಪ್ಲೋರರ್‌ನಲ್ಲಿ ಮೇಲಿನ ಮೂರು ಚುಕ್ಕೆ ಒತ್ತಿ ಆಪ್ಷನ್ಸ್‌ಗೆ ಹೋಗುತ್ತೇನೆ. 10ರಲ್ಲಿ ಅದು ವ್ಯೂ ಟ್ಯಾಬಿನ ಬಲತುದಿಯಲ್ಲಿದೆ. ಜನರಲ್ ಟ್ಯಾಬಿನ ಕೆಳಗೆ ಪ್ರೈವಸಿ ಭಾಗ. ಇತ್ತೀಚೆಗೆ ಬಳಸಿದ ಫೈಲ್, ಪದೇ ಪದೇ ಬಳಸುವ ಫೋಲ್ಡರ್ ತೋರಿಸುವ ಟಿಕ್‌ಗಳನ್ನು ಮೊದಲು ತೆಗೆದು, ಆಮೇಲೆ ಕ್ಲಿಯರ್ ಬಟನ್ ಒತ್ತಬೇಕು. ಬರೀ ಕ್ಲಿಯರ್ ಒತ್ತಿದರೆ ಮುಂದಿನ ಗಿರಾಕಿಯ ಮೊದಲ ಫೈಲಿನಿಂದಲೇ ಪಟ್ಟಿ ಮತ್ತೆ ಶುರು. ಕ್ಲಿಯರ್ ಒತ್ತಿದಾಗ "ಆಯಿತು" ಎಂಬ ಸಂದೇಶ ಬರುವುದಿಲ್ಲ, ಕೆಲಸ ಮಾತ್ರ ಆಗಿರುತ್ತದೆ. ಅದೇ ಟ್ಯಾಬಿನ ಮೇಲ್ಗಡೆ ಎಕ್ಸ್‌ಪ್ಲೋರರ್ ಎಲ್ಲಿಗೆ ತೆರೆಯಬೇಕು ಎಂಬಲ್ಲಿ ದಿಸ್ ಪಿಸಿ ಆರಿಸಿದರೆ ತೆರೆದ ಕೂಡಲೇ ಆ ಪಟ್ಟಿಯ ಬದಲು ಡ್ರೈವ್‌ಗಳು ಕಾಣುತ್ತವೆ.

ಟಿಕ್ ತೆಗೆದರೆ ಪಟ್ಟಿ ಮರೆಯಾಗುತ್ತದೆ, ದಾಖಲಾಗುವುದು ನಿಲ್ಲುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ. ವಿಂಡೋಸ್ ಕೀ ಜೊತೆ ಆರ್ ಒತ್ತಿ, ಇಂಗ್ಲಿಷಿನಲ್ಲಿ ಶೆಲ್, ಕೋಲನ್, ರೀಸೆಂಟ್ ಎಂದು ಜಾಗ ಬಿಡದೆ ಟೈಪ್ ಮಾಡಿ ನೋಡಿ. ತೆರೆದ ಒಂದೊಂದು ಫೈಲಿಗೂ ಒಂದೊಂದು ಶಾರ್ಟ್‌ಕಟ್ ಅಲ್ಲಿ ಕೂತಿರುತ್ತದೆ. ಪೆನ್‌ಡ್ರೈವ್ ಕಿತ್ತುಕೊಂಡು ಗಿರಾಕಿ ಊರು ಸೇರಿದ್ದರೂ ಫೈಲಿನ ಹೆಸರು ಇಲ್ಲೇ ಉಳಿದಿರುತ್ತದೆ. ಇದನ್ನು ನಿಲ್ಲಿಸಲು ಸೆಟ್ಟಿಂಗ್ಸ್, ಪರ್ಸನಲೈಸೇಶನ್, ಸ್ಟಾರ್ಟ್ ಎಂದು ಹೋಗಿ ಇತ್ತೀಚಿನ ಫೈಲ್‌ಗಳನ್ನು ಸ್ಟಾರ್ಟ್, ಜಂಪ್ ಲಿಸ್ಟ್ (ಟಾಸ್ಕ್‌ಬಾರ್ ಐಕಾನ್ ರೈಟ್ ಕ್ಲಿಕ್ ಮಾಡಿದರೆ ಬರುವ ಪಟ್ಟಿ), ಎಕ್ಸ್‌ಪ್ಲೋರರ್‌ನಲ್ಲಿ ತೋರಿಸುವ ಸ್ವಿಚ್ಚನ್ನು ಆಫ್ ಮಾಡುತ್ತೇನೆ. ಟಾಸ್ಕ್‌ಬಾರ್‌ನ ವರ್ಡ್ ಐಕಾನ್ ಮೇಲೆ ರೈಟ್ ಕ್ಲಿಕ್ ಮಾಡಿ ನಿನ್ನೆಯ ಫೈಲ್ ತೆಗೆಯುವ ಅನುಕೂಲ ಆಗ ತಪ್ಪುತ್ತದೆ. ಅಂಗಡಿ ಮಷಿನ್‌ಗೆ ಅದು ಬೇಕಾಗಿಯೂ ಇಲ್ಲ. ಆಫ್ ಮಾಡಿದ ಮೇಲೆ ಒಂದು ಫೈಲ್ ತೆರೆದು, ಆ ಫೋಲ್ಡರಿಗೆ ಹೊಸ ಶಾರ್ಟ್‌ಕಟ್ ಬಂತೇ ಎಂದು ನೋಡಿಕೊಳ್ಳಿ.

ಕೆಲಸಕ್ಕೆ ಬರುವ ಹುಡುಗರಿಗೆ ಮೊದಲು ಹೇಳಿಕೊಡಬೇಕಾದ್ದು ಒಂದಿದೆ. ಎಕ್ಸ್‌ಪ್ಲೋರರ್‌ನ ರೀಸೆಂಟ್ ಪಟ್ಟಿಯಲ್ಲಿ ಫೈಲಿನ ಮೇಲೆ ಡಿಲೀಟ್ ಒತ್ತಿದರೆ ಅಳಿಯುವುದು ಪಟ್ಟಿಯ ಸಾಲಲ್ಲ, ಅಸಲಿ ಫೈಲ್. ಪೆನ್‌ಡ್ರೈವಿನದಾದರೆ ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೂ ಹೋಗುವುದಿಲ್ಲ. ಒಂದೇ ಹೆಸರು ತೆಗೆಯಬೇಕಿದ್ದರೆ ರೈಟ್ ಕ್ಲಿಕ್ ಮಾಡಿ ರಿಮೂವ್ ಎಂಬುದನ್ನೇ ಆರಿಸಬೇಕು. ಶೆಲ್ ರೀಸೆಂಟ್ ಫೋಲ್ಡರಿನಲ್ಲಿರುವುದು ಬರೀ ಶಾರ್ಟ್‌ಕಟ್, ಅಲ್ಲಿ ಧೈರ್ಯವಾಗಿ ಅಳಿಸಬಹುದು.

ಎಕ್ಸ್‌ಪ್ಲೋರರ್ ತೊಳೆದರೂ ವರ್ಡ್, ಎಕ್ಸೆಲ್ ತಮ್ಮ ಪಟ್ಟಿಯನ್ನು ಬೇರೆಯೇ ಇಟ್ಟುಕೊಂಡಿರುತ್ತವೆ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್‌ನಲ್ಲಿ ಡಿಸ್‌ಪ್ಲೇ ಭಾಗಕ್ಕೆ ಇಳಿದು ರೀಸೆಂಟ್ ಸಂಖ್ಯೆಯನ್ನು 0 ಮಾಡಬೇಕು. ಅದರ ಕೆಳಗಿರುವ ಫೋಲ್ಡರ್ ಸಂಖ್ಯೆಯನ್ನೂ. ಪಿಡಿಎಫ್ ತೆರೆಯುವ ಸಾಫ್ಟ್‌ವೇರಿನಲ್ಲೂ ಇಂಥದ್ದೇ ಪಟ್ಟಿ ಇರುತ್ತದೆ, ಹುಡುಕಿ ಅಳಿಸಿ. ಆಲ್ಟ್ ಜೊತೆ ಪಿ ಒತ್ತಿದರೆ ಬರುವ ಪ್ರಿವ್ಯೂ ಪೇನ್ ಅಂತೂ ಮುಚ್ಚಿಯೇ ಇರಲಿ. ಫೈಲ್ ಮೇಲೆ ಒಂದು ಕ್ಲಿಕ್ ಬಿದ್ದರೆ ಸಾಕು, ಪಕ್ಕದಲ್ಲಿ ಆಧಾರ್ ಕಾರ್ಡೇ ತೆರೆದುಕೊಳ್ಳುತ್ತದೆ.

ಹೆಸರು ಅಳಿಸಿದ ಮಾತ್ರಕ್ಕೆ ಫೈಲ್ ಹೋಗುವುದಿಲ್ಲ. ವಾಟ್ಸಾಪ್ ವೆಬ್‌ನಿಂದ ಇಳಿಸಿದ್ದೆಲ್ಲ ಡೌನ್‌ಲೋಡ್ಸ್‌ನಲ್ಲೇ ಇರುತ್ತದೆ. ಅಂಗಡಿ ಮುಚ್ಚುವಾಗ ಕಂಟ್ರೋಲ್ ಎ, ಶಿಫ್ಟ್ ಡಿಲೀಟ್. ಮರೆತ ದಿನಕ್ಕೆಂದು ಸೆಟ್ಟಿಂಗ್ಸ್, ಸಿಸ್ಟಮ್, ಸ್ಟೋರೇಜ್‌ನಲ್ಲಿ, ಹಳೆಯ ಫೈಲ್‌ಗಳನ್ನು ತಾನೇ ಅಳಿಸುವ ಸ್ಟೋರೇಜ್ ಸೆನ್ಸ್ ಆನ್ ಮಾಡಿ, ಡೌನ್‌ಲೋಡ್ಸ್‌ಗೂ ರೀಸೈಕಲ್ ಬಿನ್‌ಗೂ 1 ದಿನ ಇಟ್ಟಿದ್ದೇನೆ. ಡೌನ್‌ಲೋಡ್ಸ್‌ಗೆ ತಾನಾಗಿ ಇರುವುದು ನೆವರ್ ಎಂದು. ನಾವೇ ಬದಲಿಸದಿದ್ದರೆ ಅದನ್ನು ಮುಟ್ಟುವುದಿಲ್ಲ. ನಮ್ಮ ಸ್ವಂತ ಫೈಲ್ ಡೌನ್‌ಲೋಡ್ಸ್‌ನಲ್ಲಿದ್ದರೆ ಅದೂ ಹೋಗುತ್ತದೆ, ಮೊದಲೇ ಬೇರೆ ಫೋಲ್ಡರಿಗೆ ಸಾಗಿಸಿ. ಪ್ರಿಂಟರ್ ಪ್ರಾಪರ್ಟೀಸ್‌ನ ಅಡ್ವಾನ್ಸ್ಡ್ ಟ್ಯಾಬಿನಲ್ಲಿ ಪ್ರಿಂಟ್ ಆದ ಮೇಲೂ ದಾಖಲೆ ಇಟ್ಟುಕೊಳ್ಳುವ ಟಿಕ್ ಇದೆ. ಅದು ಬಿದ್ದಿದ್ದರೆ ಕ್ಯೂನಲ್ಲಿ ಎಲ್ಲರ ಕಾಗದವೂ ಮತ್ತೊಮ್ಮೆ ಪ್ರಿಂಟ್ ಆಗಲು ಸಿದ್ಧವಾಗಿ ಕೂತಿರುತ್ತದೆ.

ಟ್ಯಾಲಿ, ಮನೆಯ ಫೋಟೋ ಎಲ್ಲ ಅದೇ ಮಷಿನ್‌ನಲ್ಲಿದ್ದರೆ ಗಿರಾಕಿ ಕೆಲಸಕ್ಕೆ ಬೇರೆ ಸ್ಟ್ಯಾಂಡರ್ಡ್ ಅಕೌಂಟ್ ಮಾಡುವುದು ಒಳ್ಳೆಯದು. ಈ ಪಟ್ಟಿಗಳೆಲ್ಲ ಅಕೌಂಟಿಗೊಂದರಂತೆ ಇರುವುದರಿಂದ ಒಂದರದ್ದು ಇನ್ನೊಂದರಲ್ಲಿ ಕಾಣುವುದಿಲ್ಲ. ಹಾಗೆಯೇ ಮೇಲಿನ ಸೆಟ್ಟಿಂಗ್‌ಗಳನ್ನು ಹೊಸ ಅಕೌಂಟಿನಲ್ಲಿ ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ. ವಿಂಡೋಸ್ ಪ್ರೊ ಇದ್ದರೆ ಗ್ರೂಪ್ ಪಾಲಿಸಿ ಎಡಿಟರ್‌ನ ಸ್ಟಾರ್ಟ್ ಮೆನು ಆ್ಯಂಡ್ ಟಾಸ್ಕ್‌ಬಾರ್ ವಿಭಾಗದಲ್ಲಿ, ಲಾಗಾಫ್ ಆಗುವಾಗ ಪಟ್ಟಿಯನ್ನು ತಾನೇ ಅಳಿಸುವ ನಿಯಮವಿದೆ. ಹೋಮ್ ಆವೃತ್ತಿಯಲ್ಲಿ ಆ ಎಡಿಟರ್ ಇಲ್ಲ, ದಿನಾ ಕೈಯಾರೆ ಕ್ಲಿಯರ್ ಒತ್ತುವುದೇ.