ಡೆಕ್ ಮುಚ್ಚಲು ಅವಸರ ಬೇಡ: ಕಿಟ್‌ನಿಂದ ರಿಮೋಟ್ ದೋಣಿ ಕಟ್ಟುವುದು ಹೇಗೆ?

ರಿಮೋಟ್ ದೋಣಿಯ ಕಿಟ್ ಕೊಂಡವರ ಕಣ್ಣು ಮೊದಲು ಹೋಗುವುದು ಡಬ್ಬಿಯ ಮೇಲಿನ ಚಿತ್ರದ ಕಡೆಗೆ. ಮಿರುಗುವ ಬಣ್ಣ, ಪುಟ್ಟ ಕ್ಯಾಬಿನ್, ಅಂಚಿಗೆ ಕಟ್ಟಿದ ಟೈರುಗಳು. ಆದರೆ ಆ ದೋಣಿ ನೆಟ್ಟಗೆ ಓಡುತ್ತದೋ ಮುಳುಗುತ್ತದೋ ಅನ್ನುವುದು ನಿರ್ಧಾರವಾಗುವುದು ಚಿತ್ರದಲ್ಲಿ ಕಾಣದ ಜಾಗದಲ್ಲಿ, ಡೆಕ್‌ನ ಅಂದರೆ ದೋಣಿಯ ಮೇಲ್ಹಾಸಿನ ಕೆಳಗೆ. ಡೆಕ್ ಅಂಟಿಸಿದ ಮೇಲೆ ಅಲ್ಲಿಗೆ ಕೈ ಹೋಗುವುದೇ ಕಷ್ಟ. ಅದಕ್ಕೇ ಕೆಳಗಿನ ಕೆಲಸಕ್ಕೆ ಎಷ್ಟು ದಿನ ಬೇಕೋ ಅಷ್ಟು ಕೊಡಿ. ಬಣ್ಣ ಆಮೇಲೆ ಇದ್ದೇ ಇದೆ.

ಈ ಹವ್ಯಾಸಕ್ಕೆ ವಯಸ್ಸಾಗಿದೆ. 1898ರಲ್ಲಿ ನಿಕೋಲಾ ಟೆಸ್ಲಾ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನೀರಿನ ತೊಟ್ಟಿ ಇಟ್ಟು, ತಂತಿಯಿಲ್ಲದೆ ದೋಣಿ ಓಡಿಸಿ ತೋರಿಸಿದರು. ಅದೇ ವರ್ಷ ನವೆಂಬರ್ 8ಕ್ಕೆ ಪೇಟೆಂಟ್ ಕೂಡ ಸಿಕ್ಕಿತು. ಆ ದೋಣಿಯಲ್ಲಿ ಬ್ಯಾಟರಿ, ಪ್ರೊಪೆಲ್ಲರ್ ತಿರುಗಿಸುವ ಮೋಟರ್, ಚುಕ್ಕಾಣಿಗೆ ಇನ್ನೊಂದು ಮೋಟರ್, ಸಂಕೇತ ಹಿಡಿಯುವ ರಿಸೀವರ್ ಇದ್ದವು. ಇವತ್ತಿನ ಕಿಟ್ ದೋಣಿಯ ಒಳಗಿನ ಮುಖ್ಯ ಭಾಗಗಳೂ ಈ ನಾಲ್ಕೇ.

ಮೊದಲ ದೋಣಿ ಟಗ್ ಆಗಿರಲಿ

ಪಣಂಬೂರಿನ ನವ ಮಂಗಳೂರು ಬಂದರಿನಲ್ಲಿ ದೊಡ್ಡ ಹಡಗನ್ನು ದೂಡಿ, ಎಳೆದು ದಕ್ಕೆಗೆ ಸೇರಿಸುವ ಗಿಡ್ಡ, ದಪ್ಪ ಹಡಗು ನೋಡಿದ್ದೀರಲ್ಲ, ಅದೇ ಟಗ್. ಮಲ್ಪೆಯ ಶಿಪ್‌ಯಾರ್ಡಿನಲ್ಲಿ ಇಂಥ ಟಗ್‌ಗಳನ್ನೇ ಕಟ್ಟಿ ನೀರಿಗಿಳಿಸುತ್ತಾರೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಮಾದರಿ ಇಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಗಲ ಜಾಸ್ತಿ, ಹಾಗಾಗಿ ಸುಲಭಕ್ಕೆ ಮಗುಚುವುದಿಲ್ಲ. ಒಳಗೆ ಕೈಯಾಡಿಸಲು ಜಾಗ ಧಾರಾಳ. ನಿಧಾನಕ್ಕೆ ಓಡುವುದರಿಂದ ಸಣ್ಣ ಮೋಟರ್ ಸಾಕು. ಬ್ಯಾಟರಿ ಭಾರವಾದರೂ ಚಿಂತೆಯಿಲ್ಲ. ವೇಗದ ದೋಣಿ ನೋಡಲು ಚೆನ್ನ, ಆದರೆ ಅದರಲ್ಲಿ ಒಂದೊಂದು ಗ್ರಾಂ ಕೂಡ ಲೆಕ್ಕಕ್ಕೆ ಬರುತ್ತದೆ. ಅದು ಎರಡನೆಯದಾಗಲಿ.

ಡೆನ್ಮಾರ್ಕಿನ ಬಿಲ್ಲಿಂಗ್ ಬೋಟ್ಸ್, ಜರ್ಮನಿಯ ಏರೋ-ನಾಟ್, ಅಮೆರಿಕದ ಡ್ಯೂಮಾಸ್ ಈ ಕ್ಷೇತ್ರದ ಹಳೆಯ ಹೆಸರುಗಳು. ಯಾವುದನ್ನೇ ಕೊಳ್ಳಿ, ಉದ್ದ 50ರಿಂದ 70 ಸೆಂ.ಮೀ. ಇರಲಿ. ತೀರಾ ಚಿಕ್ಕದಾದರೆ ಒಳಗೆ ಬೆರಳು ಹೋಗುವುದಿಲ್ಲ. ಡಬ್ಬಿಯಲ್ಲಿ ಏನಿಲ್ಲ ಅನ್ನುವುದನ್ನು ಮೊದಲೇ ಓದಿಕೊಳ್ಳಿ. ರಿಮೋಟ್, ಚುಕ್ಕಾಣಿ ತಿರುಗಿಸುವ ಪುಟ್ಟ ಸರ್ವೊ ಮೋಟರ್, ಬ್ಯಾಟರಿ, ಚಾರ್ಜರ್, ಅಂಟು, ಬಣ್ಣ ಇವೆಲ್ಲ ಬಹಳ ಕಿಟ್‌ಗಳಲ್ಲಿ ಇರುವುದಿಲ್ಲ. ಕೆಲವದರಲ್ಲಿ ಮೋಟರೂ ಇರುವುದಿಲ್ಲ.

ನೆಟ್ಟಗಿನ ಹಲಗೆ, ನೆಟ್ಟಗಿನ ಒಡಲು

ಮೊದಲ ದಿನ ಅಂಟು ಮುಟ್ಟಬೇಡಿ. ಭಾಗಗಳ ಪಟ್ಟಿ ಹಿಡಿದು ಒಂದೊಂದನ್ನೂ ಗುರುತು ಹಾಕಿ. ಲೇಸರ್‌ನಲ್ಲಿ ಕತ್ತರಿಸಿದ ಪ್ಲೈವುಡ್ ತುಂಡುಗಳನ್ನು ಹಾಳೆಯಿಂದ ಬಿಡಿಸುವ ಮೊದಲೇ ಪೆನ್ಸಿಲಿನಲ್ಲಿ ನಂಬರ್ ಬರೆದುಬಿಡಿ. ಬಿಡಿಸಿದ ಮೇಲೆ ನಾಲ್ಕನೇ ಫ್ರೇಮ್ ಯಾವುದು, ಐದನೆಯದು ಯಾವುದು ಅಂತ ಹೇಳುವುದು ಕಷ್ಟ. ಆಮೇಲೆ ದೋಣಿ ಕೂರುವ ಸ್ಟ್ಯಾಂಡನ್ನು ಮೊದಲು ಮಾಡಿಕೊಳ್ಳಿ. ಒಡಲು, ಅಂದರೆ ದೋಣಿಯ ಮೈ, ಸಿದ್ಧವಾದ ಮೇಲಿನ ಕೆಲಸವೆಲ್ಲ ಅದರ ಮೇಲೆಯೇ.

ಕೆಲಸಕ್ಕೆ ಒಂದು ನೆಟ್ಟಗಿನ ಹಲಗೆ ಬೇಕು. ದಪ್ಪ ಎಂಡಿಎಫ್ ಅಥವಾ ಗ್ರಾನೈಟ್ ತುಂಡು ನಡೆಯುತ್ತದೆ. ಅದರ ಮೇಲೆ ನಕ್ಷೆ ಹಾಸಿ, ಮೇಲೊಂದು ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಕಿ. ಅಂಟು ಬಿದ್ದರೂ ನಕ್ಷೆ ಹಾಳಾಗುವುದಿಲ್ಲ. ದೋಣಿಯ ಅಡಿಯುದ್ದಕ್ಕೂ ಹಾಯುವ ಪಟ್ಟಿ ಕೀಲ್. ಅದಕ್ಕೆ ಅಡ್ಡಲಾಗಿ ನಿಲ್ಲುವವು ಫ್ರೇಮ್‌ಗಳು. ಮೊದಲು ಅಂಟಿಲ್ಲದೆ ಎಲ್ಲವನ್ನೂ ಜೋಡಿಸಿ ನೋಡಿ. ಮೂಲೆಮಟ್ಟ ಹಿಡಿದು ಪ್ರತಿ ಫ್ರೇಮೂ ಕೀಲ್‌ಗೆ ನೇರ ನಿಂತಿದೆಯೇ ಪರೀಕ್ಷಿಸಿ. ಮುಂದಿನ ತುದಿಯಿಂದ ಒಂದು ಕಣ್ಣು ಮುಚ್ಚಿ ಹಿಂದಿನ ತುದಿಯವರೆಗೆ ನೋಡಿ. ಇಲ್ಲಿ ಒಡಲು ಸ್ವಲ್ಪ ತಿರುಚಿಕೊಂಡರೂ ಆಮೇಲೆ ಸರಿಪಡಿಸಲು ಆಗುವುದಿಲ್ಲ. ದೋಣಿ ಜೀವನಪೂರ್ತಿ ಒಂದು ಕಡೆಗೇ ಎಳೆಯುತ್ತದೆ.

ಅಂಟಿನ ವಿಷಯ. ಮನೆಯಲ್ಲಿರುವ ಮಾಮೂಲಿ ಬಿಳಿ ಅಂಟು ನೀರು ತಾಗಿದರೆ ಮೆತ್ತಗಾಗುತ್ತದೆ. ಫೆವಿಕಾಲ್ ಮರೀನ್‌ನಂಥ ನೀರು ತಡೆಯುವ ಅಂಟು ತನ್ನಿ. ಮೋಟರ್ ಪೀಠಕ್ಕೆ, ಪ್ರೊಪೆಲ್ಲರ್ ತಿರುಗಿಸುವ ಸರಳು (ಶಾಫ್ಟ್) ಹಾಯುವ ಕೊಳವೆಗೆ ಅರಾಲ್ಡೈಟ್‌ನಂಥ ಎಪಾಕ್ಸಿಯೇ ಬೇಕು. ಐದು ನಿಮಿಷದಲ್ಲಿ ಗಟ್ಟಿಯಾಗುವುದಲ್ಲ, ರಾತ್ರಿಯಿಡೀ ಬಿಡಬೇಕಾದ ಬಗೆ. ಫೆವಿಕ್ವಿಕ್ ತಾತ್ಕಾಲಿಕವಾಗಿ ಹಿಡಿದಿಡಲು ಒಳ್ಳೆಯದು. ಅದು ಗಟ್ಟಿಯಾಗುವುದೇ ಗಾಳಿಯ ತೇವದಿಂದ. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿಯಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ಹಿಡಿದುಬಿಡುತ್ತದೆ. ಮೊದಲೇ ಜೋಡಿಸಿಟ್ಟು, ಆಮೇಲೆ ಹನಿ ಬಿಡಿ.

ಕಿಟ್‌ನಲ್ಲಿ ಎಬಿಎಸ್ ಪ್ಲಾಸ್ಟಿಕ್ ಒಡಲು ಸಿದ್ಧವಾಗಿ ಬಂದಿದ್ದರೆ ಈ ಕೆಲಸದ ಅರ್ಧ ಉಳಿಯಿತು. ಆದರೆ ಎಪಾಕ್ಸಿ ಹಚ್ಚುವ ಜಾಗವನ್ನೆಲ್ಲ ಸ್ಯಾಂಡ್‌ಪೇಪರಿನಲ್ಲಿ ಒರಟು ಮಾಡಿ. ನುಣುಪು ಪ್ಲಾಸ್ಟಿಕ್ ಮೇಲೆ ಎಪಾಕ್ಸಿ ಹಿಡಿಯುವುದಿಲ್ಲ, ಚಕ್ಕೆಯಾಗಿ ಏಳುತ್ತದೆ.

ಮರದ ಪಟ್ಟಿಗಳಿಂದ ಒಡಲು ಹೊದಿಸುವ ಕಿಟ್ ಆದರೆ ಪಟ್ಟಿಗಳನ್ನು ಬಿಸಿನೀರಿನಲ್ಲಿ ನೆನೆಸಿ ಬಗ್ಗಿಸಿ. ಎಡಕ್ಕೊಂದು, ಬಲಕ್ಕೊಂದು ಅಂಟಿಸುತ್ತಾ ಹೋಗಿ. ಒಂದೇ ಕಡೆ ಪೂರ್ತಿ ಮುಗಿಸಿದರೆ ಕೀಲ್ ಆ ಕಡೆಗೆ ಬಗ್ಗುತ್ತದೆ. ಮೂತಿಯ ಹತ್ತಿರ ಜಾಗ ಕಮ್ಮಿ. ಅಲ್ಲಿ ಪಟ್ಟಿಯ ತುದಿಯನ್ನು ಸಣ್ಣಗೆ ಕೆತ್ತಬೇಕು, ಒತ್ತಿ ತುರುಕಬಾರದು. ಇದೊಂದು ಕೆಲಸ ಓದಿ ಕಲಿಯುವುದಕ್ಕಿಂತ ನೋಡಿ ಕಲಿಯುವುದು ಸುಲಭ. ಎನ್‌ಸಿಸಿ ನೌಕಾ ವಿಭಾಗದ ಕೆಡೆಟ್‌ಗಳು ಹಡಗಿನ ಮಾದರಿ ಮಾಡುವುದನ್ನು ಕಲಿಯುತ್ತಾರೆ. ಹತ್ತಿರದಲ್ಲಿ ಅಂಥವರಿದ್ದರೆ ಒಂದು ಸಂಜೆ ಜೊತೆಗೆ ಕೂರಿಸಿಕೊಳ್ಳಿ. ಪಟ್ಟಿಗಳೆಲ್ಲ ಕೂತ ಮೇಲೆ ಪುಟ್ಟಿ ತುಂಬಿ, 120, 240, 400 ನಂಬರಿನ ಸ್ಯಾಂಡ್‌ಪೇಪರಿನಲ್ಲಿ ಈ ಕ್ರಮದಲ್ಲೇ ಉಜ್ಜಿ. ಒಳಮೈಗೆ ಎಪಾಕ್ಸಿ ರೆಸಿನ್ ಬಳಿಯಿರಿ. ನೀರು ಹೊರಗಿನಿಂದ ಮಾತ್ರ ಬರುವುದಿಲ್ಲ. ಒಳಗೆ ಸೇರಿದ ಚೂರುಪಾರು ನೀರೂ ಮರವನ್ನು ಕೊಳೆಸುತ್ತದೆ.

ಶಾಫ್ಟ್: ಎಲ್ಲಕ್ಕಿಂತ ಮುಖ್ಯವಾದ ಒಂದು ಗೆರೆ

ಮೋಟರ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಒಂದೇ ನೇರ ಗೆರೆಯಲ್ಲಿ ಇರಬೇಕು. ಕಿಟ್‌ನಲ್ಲಿ ಬಗ್ಗುವ ಜಾಯಿಂಟ್ ಕೊಟ್ಟಿರುತ್ತಾರೆ. ಅದಿದೆಯಲ್ಲ, ಸ್ವಲ್ಪ ಓರೆಯಾದರೂ ಪರವಾಗಿಲ್ಲ ಅಂದುಕೊಳ್ಳಬೇಡಿ. ಓರೆಯಿದ್ದಷ್ಟೂ ಸದ್ದು ಜಾಸ್ತಿ, ಮೋಟರ್ ಬಿಸಿ ಜಾಸ್ತಿ, ಬ್ಯಾಟರಿ ಬೇಗ ಖಾಲಿ.

ನೆಟ್ಟಗೆ ಕೂರಿಸಲು ಒಂದು ಉಪಾಯವಿದೆ. ಬಗ್ಗುವ ಜಾಯಿಂಟನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಮೋಟರ್ ಶಾಫ್ಟ್ ಮತ್ತು ಪ್ರೊಪೆಲ್ಲರ್ ಶಾಫ್ಟ್ ಎರಡಕ್ಕೂ ಬಿಗಿಯಾಗಿ ಕೂರುವ ಹಿತ್ತಾಳೆ ಕೊಳವೆಯಿಂದ ಎರಡನ್ನೂ ಸೇರಿಸಿ. ಎರಡರ ದಪ್ಪ ಬೇರೆಯಾದರೆ ಎರಡು ಅಳತೆಯ ತೂತಿರುವ ಗಟ್ಟಿ ಕಪ್ಲರ್ ಸಿಗುತ್ತದೆ. ಈಗ ಎರಡೂ ಸೇರಿ ಒಂದೇ ಸರಳಿನಂತೆ ಆದವು. ಹಾಗೇ ಇಡಿಯಾಗಿ ದೋಣಿಯೊಳಗೆ ಕೂರಿಸಿ, ಮೋಟರ್ ಪೀಠ ಮತ್ತು ಶಾಫ್ಟ್ ಕೊಳವೆಗೆ ಎಪಾಕ್ಸಿ ಹಾಕಿ. ಒಂದು ರಾತ್ರಿ ಮುಟ್ಟಬೇಡಿ. ಬೆಳಿಗ್ಗೆ ಹಿತ್ತಾಳೆ ಕೊಳವೆ ತೆಗೆದು ಜಾಯಿಂಟ್ ಹಾಕಿ. ಬೆರಳಿನಲ್ಲಿ ತಿರುಗಿಸಿದರೆ ಎಲ್ಲೂ ಬಿಗಿಯದೆ ಸಲೀಸಾಗಿ ತಿರುಗಬೇಕು.

ಶಾಫ್ಟ್ ಕೊಳವೆಯ ಒಳತುದಿ ನೀರಿನ ಮಟ್ಟಕ್ಕಿಂತ ಮೇಲಿರುವಂತೆ ಕೂರಿಸಲು ಸಾಧ್ಯವಾದರೆ ಹಾಗೇ ಮಾಡಿ. ಕೊಳವೆಯೊಳಗೆ ನೀರು ತಡೆಯುವ ಗ್ರೀಸ್ ತುಂಬಿ. ಹೊರತುದಿಯಲ್ಲಿ ಪ್ರೊಪೆಲ್ಲರ್ ಮತ್ತು ಕೊಳವೆಯ ನಡುವೆ ಅರ್ಧ ಮಿಲಿಮೀಟರಿನಷ್ಟು ಸಂದು ಬಿಡಿ. ಚುಕ್ಕಾಣಿಯ ಕೊಳವೆಯ ಮೇಲ್ತುದಿಯೂ ನೀರಿನ ಮಟ್ಟ ದಾಟಿರಲೇಬೇಕು. ಚುಕ್ಕಾಣಿ ಎರಡೂ ಕಡೆ ಸುಮಾರು 35 ಡಿಗ್ರಿ ತಿರುಗಿದರೆ ಸಾಕು.

ತಂತಿ, ಬ್ಯಾಟರಿ, ರಿಸೀವರ್

2.4 ಗಿಗಾಹರ್ಟ್ಜ್‌ನ ಎರಡು ಚಾನೆಲ್ ರಿಮೋಟ್ ಸಾಕು. ಒಂದು ವೇಗಕ್ಕೆ, ಒಂದು ಚುಕ್ಕಾಣಿಗೆ. ಈ ತರಂಗಾಂತರಕ್ಕೆ ನಮ್ಮಲ್ಲಿ ಲೈಸೆನ್ಸ್ ಬೇಕಿಲ್ಲ. ವೇಗ ಹಿಡಿತದಲ್ಲಿಡುವ ಇಎಸ್‌ಸಿ ಕೊಳ್ಳುವಾಗ ಹುಷಾರು. ವಿಮಾನದ ಇಎಸ್‌ಸಿಯಲ್ಲಿ ಸಾಮಾನ್ಯವಾಗಿ ರಿವರ್ಸ್ ಇರುವುದಿಲ್ಲ. ದೋಣಿಗೆ ಬ್ರೇಕ್ ಇಲ್ಲ, ನಿಲ್ಲಿಸಲು ರಿವರ್ಸೇ ಗತಿ. ದೋಣಿಯ ಅಥವಾ ಕಾರಿನ ಇಎಸ್‌ಸಿ ಕೇಳಿ ತೆಗೆದುಕೊಳ್ಳಿ.

ಟಗ್‌ಗೆ ನನ್ನ ಆಯ್ಕೆ 6 ವೋಲ್ಟ್, 4.5 ಆಂಪಿಯರ್-ಅವರ್‌ನ ಮುಚ್ಚಿದ ಲೆಡ್ ಆಸಿಡ್ ಬ್ಯಾಟರಿ. ಎಮರ್ಜೆನ್ಸಿ ಲೈಟಿನಲ್ಲಿ ಬರುತ್ತದಲ್ಲ, ಅದೇ. ಊರೂರಲ್ಲೂ ಸಿಗುತ್ತದೆ. ಮುಕ್ಕಾಲು ಕಿಲೋ ಆಸುಪಾಸು ತೂಗುತ್ತದೆ, ದೋಣಿಗೆ ಹೇಗೂ ಆ ಭಾರ ಬೇಕು. ಇಎಸ್‌ಸಿಯಲ್ಲಿ ಬ್ಯಾಟರಿ ಬಗೆ ಆರಿಸುವಾಗ ಲೀಪೊ (ಲಿಥಿಯಂ ಪಾಲಿಮರ್) ಅಂತ ಇಡಬೇಡಿ. ಎರಡು ಸೆಲ್ಲಿನ ಲೀಪೊ ಬರಿದಾಯಿತು ಅಂತ ಅದು ತಿಳಿಯುವ ಮಟ್ಟವೂ 6 ವೋಲ್ಟಿನ ಹತ್ತಿರವೇ ಇರುತ್ತದೆ. ದೋಣಿ ಕೆರೆಯ ನಡುವೆ ನಿಂತುಬಿಡಬಹುದು. ಬ್ಯಾಟರಿಯ ಪಾಸಿಟಿವ್ ತಂತಿಗೆ ಫ್ಯೂಸ್ ಹಾಕುವುದನ್ನು ಮರೆಯಬೇಡಿ.

ಬ್ರಶ್ ಇರುವ ಮೋಟರ್ ಆದರೆ ಮೂರು ಪುಟ್ಟ ಸೆರಾಮಿಕ್ ಕೆಪಾಸಿಟರ್ ಬೆಸೆಯಬೇಕು. 0.1 ಮೈಕ್ರೊಫ್ಯಾರಡ್‌ನವು, ಮೈಮೇಲೆ 104 ಅಂತ ಬರೆದಿರುತ್ತದೆ. ಒಂದು ಎರಡು ಟರ್ಮಿನಲ್‌ಗಳ ನಡುವೆ, ಉಳಿದೆರಡು ಒಂದೊಂದು ಟರ್ಮಿನಲ್‌ನಿಂದ ಮೋಟರಿನ ಲೋಹದ ಮೈಗೆ. ಇಲ್ಲದಿದ್ದರೆ ಬ್ರಶ್‌ನ ಕಿಡಿಗಳಿಂದ ರಿಸೀವರ್‌ಗೆ ಗೊಂದಲವಾಗಿ ಚುಕ್ಕಾಣಿ ನಡುಗುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇಂಥ ಬಿಡಿಭಾಗಗಳೆಲ್ಲ ಚಿಲ್ಲರೆಯಾಗಿ ಸಿಗುತ್ತವೆ.

2.4 ಗಿಗಾಹರ್ಟ್ಜ್ ತರಂಗ ನೀರಿನೊಳಗೆ ತೂರುವುದಿಲ್ಲ. ರಿಸೀವರಿನ ಆಂಟೆನಾ ತುದಿ ನೀರಿನ ಮಟ್ಟಕ್ಕಿಂತ ಮೇಲೆ, ಮೋಟರ್ ಮತ್ತು ಬ್ಯಾಟರಿಯಿಂದ ದೂರ ಇರಲಿ. ಕ್ಯಾಬಿನ್ನಿನ ಒಳಗೋಡೆ ಇದಕ್ಕೆ ಒಳ್ಳೆಯ ಜಾಗ. ಫೇಲ್‌ಸೇಫ್ ಸೆಟ್ ಮಾಡಿ. ಸಿಗ್ನಲ್ ತಪ್ಪಿದರೆ ಮೋಟರ್ ನಿಲ್ಲಬೇಕು. ಇದನ್ನು ಟೇಬಲ್ ಮೇಲೆ ರಿಮೋಟ್ ಆರಿಸಿ ಪರೀಕ್ಷಿಸಿ.

ತೊಟ್ಟಿಯಲ್ಲಿ ತೂಕ

ಅಳತೆಯ ಲೆಕ್ಕ ಇಲ್ಲಿ ಬರುತ್ತದೆ, ಸ್ವಾರಸ್ಯವೂ ಇಲ್ಲೇ. 500 ಟನ್ನಿನ ಟಗ್ಗನ್ನು 50ರಲ್ಲಿ ಒಂದು ಪಾಲಿಗೆ ಇಳಿಸಿದರೆ ತೂಕ 50ರಲ್ಲಿ ಒಂದು ಪಾಲಾಗುವುದಿಲ್ಲ. ಉದ್ದ, ಅಗಲ, ಎತ್ತರ ಮೂರೂ ಇಳಿಯುವುದರಿಂದ 1,25,000ದಲ್ಲಿ ಒಂದು ಪಾಲಾಗುತ್ತದೆ. ಅಂದರೆ ಬರೀ 4 ಕಿಲೋ. ವೇಗಕ್ಕೆ ಬೇರೆ ಲೆಕ್ಕ. ಅದನ್ನು ಅಳತೆಯ ವರ್ಗಮೂಲದಿಂದ ಭಾಗಿಸಬೇಕು. 1870ರ ದಶಕದಲ್ಲಿ ಇಂಗ್ಲೆಂಡಿನ ಟಾರ್ಕಿಯಲ್ಲಿ ತೊಟ್ಟಿ ಕಟ್ಟಿ ಮಾದರಿಗಳನ್ನು ಎಳೆದು ನೋಡಿದ ವಿಲಿಯಂ ಫ್ರೂಡ್ ಕೊಟ್ಟ ನಿಯಮ ಇದು. ಗಂಟೆಗೆ 22 ಕಿ.ಮೀ. ಓಡುವ ಟಗ್‌ನ ಮಾದರಿ ಸುಮಾರು 3 ಕಿ.ಮೀ. ವೇಗದಲ್ಲಿ ಓಡಿದರೆ ಅಲೆಗಳು ನಿಜವಾದ ಹಡಗಿನಂತೆಯೇ ಏಳುತ್ತವೆ. ನಿಧಾನವಾಗಿ ನಡೆಯುವಷ್ಟು ವೇಗ, ಅಷ್ಟೇ. ಜಾಸ್ತಿ ಓಡಿಸಿದರೆ ಆಟಿಕೆ ಅನ್ನಿಸಿಬಿಡುತ್ತದೆ.

ಡೆಕ್ ಅಂಟಿಸುವ ಮುಂಚೆಯೇ ದೊಡ್ಡ ಪ್ಲಾಸ್ಟಿಕ್ ಟಬ್‌ನಲ್ಲಿ ತೇಲಿಸಿ. ಮೋಟರ್, ಬ್ಯಾಟರಿ ಎಲ್ಲ ತಮ್ಮ ಜಾಗದಲ್ಲಿರಲಿ. ಡೆಕ್, ಕ್ಯಾಬಿನ್‌ಗಳನ್ನು ಸುಮ್ನೆ ಮೇಲಿಡಿ. ನಕ್ಷೆಯಲ್ಲಿನ ನೀರಿನ ಗೆರೆಯವರೆಗೆ ಇಳಿಯಲು ಇನ್ನೆಷ್ಟು ಭಾರ ಬೇಕು ನೋಡಿ. ಮೀನುಗಾರರ ಬಲೆಗೆ ಕಟ್ಟುವ ಸೀಸದ ಗುಂಡು ಇದಕ್ಕೆ ಒಳ್ಳೆಯದು. ಮುಟ್ಟಿದ ಮೇಲೆ ಕೈ ತೊಳೆಯಿರಿ. ಭಾರವನ್ನು ಆದಷ್ಟು ಕೆಳಗೆ, ಕೀಲ್‌ನ ಎರಡೂ ಪಕ್ಕ ಸಮನಾಗಿ ಹಂಚಿ. ಆಮೇಲೆ ಅಂಚನ್ನು ಬೆರಳಿನಿಂದ ಒತ್ತಿ ಬಿಡಿ. ಚಟ್ಟನೆ ನೆಟ್ಟಗಾಗಬೇಕು. ಸೋಮಾರಿಯಾಗಿ ತೂಗಾಡುತ್ತಾ ಏಳುತ್ತಿದ್ದರೆ ಮೇಲ್ಭಾಗ ಭಾರವಾಗಿದೆ ಅಂತ ಅರ್ಥ. ಅರ್ಧ ಗಂಟೆ ನೀರಲ್ಲೇ ಬಿಟ್ಟು, ಒಳಗೆ ಟಿಶ್ಯೂ ಪೇಪರ್ ಒತ್ತಿ ನೋಡಿ. ಒದ್ದೆಯಾದ ಜಾಗವೇ ಸೋರುವ ಜಾಗ.

ಇಷ್ಟೆಲ್ಲ ಸರಿಯಾದ ಮೇಲೆ ಭಾರವನ್ನು ಅಂಟಿಸಿ, ಡೆಕ್ ಮುಚ್ಚಿ. ಬ್ಯಾಟರಿ ಮತ್ತು ಮೋಟರ್ ಮೇಲೆ ತೆಗೆದು ಹಾಕುವಂಥ ಮುಚ್ಚಳ ಇರಲೇಬೇಕು. ಬಣ್ಣಕ್ಕೆ ಮೊದಲು ಪ್ರೈಮರ್, ಆಮೇಲೆ ತೆಳುವಾಗಿ ಎರಡು ಮೂರು ಸಲ ಸ್ಪ್ರೇ. ಮಳೆ ಹಿಡಿದ ದಿನ ಬೇಡ, ಬಣ್ಣ ಮಂಕಾಗುತ್ತದೆ.

ನೀರಿಗಿಳಿಸುವ ದಿನ

ಎಲ್ಲಿ ಓಡಿಸುವುದು? ಅಂತರಗಂಗೆ, ಜೊಂಡು ತುಂಬಿದ ಕೆರೆ ಬೇಡ. ಒಂದು ಎಳೆ ಪ್ರೊಪೆಲ್ಲರ್‌ಗೆ ಸುತ್ತಿದರೂ ದೋಣಿ ನಿಲ್ಲುತ್ತದೆ. ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡಕ್ಕೆ ಮಕ್ಕಳನ್ನು ಕರೆದೊಯ್ಯಲೇಬೇಡಿ. ಅದರ ಬದಿ ಇಳಿಜಾರು, ವಿಪರೀತ ಜಾರುತ್ತದೆ. ಬಿದ್ದರೆ ದೊಡ್ಡವರಿಗೂ ಹತ್ತಿ ಬರುವುದು ಕಷ್ಟ. ದಂಡೆ ಗಟ್ಟಿಯಿರುವ, ಆಳ ಕಮ್ಮಿಯಿರುವ ಕೊಳ ನೋಡಿ, ಸಂಬಂಧಪಟ್ಟವರನ್ನು ಕೇಳಿ ಇಳಿಸಿ. ಗಾಳಿ ಏಳುವ ಮುಂಚಿನ ಬೆಳಗಿನ ಹೊತ್ತು ಒಳ್ಳೆಯದು.

ಮೊದಲು ರಿಮೋಟ್ ಆನ್ ಮಾಡಿ, ಆಮೇಲೆ ದೋಣಿ. ಆರಿಸುವಾಗ ತಿರುವುಮುರುವು. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಹೊರಡಿಸಿ. ನಡುವೆ ಕೆಟ್ಟರೂ ಗಾಳಿಯೇ ಅದನ್ನು ನಿಮ್ಮ ಕಡೆಗೆ ತಳ್ಳಿ ತರುತ್ತದೆ. ಉದ್ದ ಗಾಳದ ದಾರದ ತುದಿಗೆ ಟೆನಿಸ್ ಚೆಂಡು ಕಟ್ಟಿ ಜೊತೆಗಿಟ್ಟುಕೊಳ್ಳಿ. ದೋಣಿಯಾಚೆ ಎಸೆದು ದಾರವನ್ನು ಎಳೆದರೆ ದೋಣಿ ಬರುತ್ತದೆ. ಅದನ್ನು ತರಲು ನೀರಿಗೆ ಮಾತ್ರ ಇಳಿಯಬೇಡಿ, ಈಜು ಬಂದರೂ ಸರಿ. ಕೆರೆಯ ಕೆಸರು ಕಾಲು ಬಿಡುವುದಿಲ್ಲ.

ಮನೆಗೆ ಬಂದ ಮೇಲೆ ಬ್ಯಾಟರಿ ಹೊರತೆಗೆದು ಚಾರ್ಜ್‌ಗೆ ಹಾಕಿ. ಲೆಡ್ ಆಸಿಡ್ ಬ್ಯಾಟರಿಯನ್ನು ಖಾಲಿ ಇಟ್ಟರೆ ಹಾಳಾಗುತ್ತದೆ. ಒಳಗಿನ ತೇವ ಒರೆಸಿ, ಮುಚ್ಚಳ ತೆರೆದೇ ಇಡಿ. ನಾಲ್ಕಾರು ಸಲ ಓಡಿಸಿದ ಮೇಲೆ ಶಾಫ್ಟ್ ಬಿಚ್ಚಿ, ಹಳೆ ಗ್ರೀಸ್ ಒರೆಸಿ ಹೊಸದು ತುಂಬಿ. ಪ್ರೊಪೆಲ್ಲರ್‌ನ ಹಿಂದೆ ಸುತ್ತಿಕೊಂಡ ಕೂದಲು, ನೂಲು, ಪಾಚಿ ಇದ್ದರೆ ಆಗಲೇ ಚಿಮಟದಿಂದ ತೆಗೆದುಬಿಡಿ.